ಭಾವನ ಮೀನಖಂಡ

೧
ಎಲ್ಲಿಂದ ಶುರು ಮಾಡಲಿ? ಪಿಸ್ತೂಲು ಹಾರಿಸಿದಲ್ಲಿಂದ ಅಂದರೆ ಕ್ರೈಂ ಸ್ಟೋರಿ ಅಂದುಕೊಳ್ಳುತ್ತೀರಿ. ಓಟದ ಕೊನೆಯ ಗೆರೆ ಮುಟ್ಟಿದಲ್ಲಿಂದ ಅಂದರೆ, ಮುಟ್ಟಿದನೋ ಇಲ್ಲವೋ ನನಗೇ ಗೊತ್ತಿಲ್ಲ. ಹೋಗಲಿ, ಅನುಮಾನದಿಂದಲೇ ಶುರು ಮಾಡೋಣ. ನಮ್ಮ ಬೀಗ ರಿಪೇರಿಯವನಲ್ಲಿ ಅದಕ್ಕೇನೂ ಬರವಿಲ್ಲ. ಊರಿನ ಬೀಗಗಳನ್ನೆಲ್ಲ ಬಿಚ್ಚಿ ನೋಡಿದವನು, ಯಾವ ಬಾಗಿಲನ್ನೂ ನಂಬುವುದಿಲ್ಲ. ಮನುಷ್ಯರ ವಿಷಯ ಕೇಳಲೇಬೇಡಿ.

೨
ಹೋದ ವರ್ಷದ ಹಾಫ್ ಮ್ಯಾರಥಾನ್. ಇವನಿಗೆ ಓಟದ ಹುಚ್ಚು ಹಿಡಿಸಿದ್ದೇ ಅಕ್ಕನ ಗಂಡ. "ಮೊದಲರ್ಧ ನಿಧಾನಕ್ಕೆ ಓಡು, ಮೈ ಬಿಸಿಯಾಗ್ಲಿ," ಅಂದಿದ್ದರು ಭಾವ. ಇವನಿಗೆ ತಟ್ಟನೆ ಹೊಳೆಯಿತು: ಓಹೋ, ನನ್ನನ್ನು ಹಿಂದೆ ಹಾಕುವ ಪ್ಲ್ಯಾನು! ಬಿಟ್ಟ ಬಾಣದ ಹಾಗೆ ನುಗ್ಗಿದ. ದೊಡ್ಡ ಸೇತುವೆ ಹತ್ತುವಷ್ಟರಲ್ಲಿ ಕುಸಿದು ಕೂತ. ಭಾವ ತಮ್ಮ ಓಟ ಬಿಟ್ಟು, ಇವನ ತೋಳನ್ನು ಹೆಗಲಿಗೆ ಹಾಕಿಕೊಂಡು ನಡೆಸಿಕೊಂಡು ಬಂದರು.

ತಪ್ಪಿನಿಂದ ಪಾಠ ಕಲಿತನೇ? ಕಲಿತ. (ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವವರು ಕಲಿಯುವ ಪಾಠ.) ಭಾವ ನಿಂತದ್ದೇಕೆ? ಅಕ್ಕನ ಮುಂದೆ ದೊಡ್ಡಸ್ತಿಕೆ ತೋರಿಸೋಕೆ! ಹೀಗಂತ ವರ್ಷವಿಡೀ ಬೀಗ ಬಿಚ್ಚುತ್ತಾ ಯೋಚಿಸಿದ.

೩
(ಇಲ್ಲಿ ಅಕ್ಕನ ಬಾಲ್ಯದ ಒಂದು ಪ್ಯಾರಾ ಇತ್ತು. ಓದಿ ನನಗೇ ಆಕಳಿಕೆ ಬಂತು, ಹರಿದು ಹಾಕಿದೆ.)

೪
ಈ ವರ್ಷ ನಿಧಾನವಾಗಿಯೇ ಹೊರಟ, ಭಾವನ ಪಕ್ಕದಲ್ಲೇ. ಮಾತು ಕೇಳಿ ಅಲ್ಲ, ಕಾವಲಿಗೆ. ಅದೇ ಸೇತುವೆಯ ಮೇಲೆ ಭಾವ ಕುಂಟತೊಡಗಿದರು.

"ಮೀನಖಂಡ ಹಿಡ್ಕೊಂಡಿದೆ ಕಣೋ. ನೀನು ಹೋಗು, ನಿಂಗಿನ್ನೂ ದಮ್ಮಿದೆ."

ನಿಜವೋ ನಾಟಕವೋ?

ಮುಕ್ತಾಯ ಒಂದು: ಹೋಗುತ್ತಾನೆ, ಒಳ್ಳೆ ಟೈಮಿಂಗ್ ಬರುತ್ತದೆ, ಅಕ್ಕ ಮುಖ ಕೊಟ್ಟು ಮಾತಾಡುವುದಿಲ್ಲ.

ಮುಕ್ತಾಯ ಎರಡು: ನಿಲ್ಲುತ್ತಾನೆ, ಭಾವ ನಗುತ್ತಾ ಮುಂದೆ ಓಡುತ್ತಾರೆ.

"ಎರಡರಲ್ಲೂ ನಾನೇ ಪೆದ್ದನಾ?" ಅಂತ ಕಥೆ ಬರೆಯುತ್ತಿದ್ದ ನನ್ನ ಮೇಲೇ ಎಗರಿದ. "ಭಾವ ನಿಮಗೇನಾದ್ರೂ ಹೇಳಿಕೊಟ್ಟಿದ್ದಾರಾ? ನೋವು ನಿಜಾನಾ, ಅದನ್ನ ಹೇಳಿ."

"ನಂಗೊತ್ತಿಲ್ಲಪ್ಪ. ಹೋಗಿ ನೀನೇ ಮುಟ್ಟಿ ನೋಡು."

ಬೀಗ ಪರೀಕ್ಷೆ ಮಾಡೋ ಕೈ. ಸುಮ್ಮನಿದ್ದೀತೇ?

೫
"ತೋರಿಸಿ ಭಾವ, ಉಜ್ತೀನಿ," ಅಂತ ಕುಕ್ಕರಗಾಲಲ್ಲಿ ಕೂತು ಮೀನಖಂಡ ಒತ್ತಿದ. ಕಲ್ಲಿನ ಹಾಗೆ ಗಂಟು ಕಟ್ಟಿತ್ತು. ಭಾವ ಹಲ್ಲು ಕಚ್ಚಿದರು, ಕಣ್ಣಲ್ಲಿ ನೀರು ಬಂತು. ಇವನು ನಾಚಿ ತಲೆ ತಗ್ಗಿಸಿ ಉಜ್ಜತೊಡಗಿದ. ಜನ ಪಕ್ಕದಲ್ಲೇ ದಬದಬ ಓಡಿಹೋಗುತ್ತಿದ್ದರು.

"ನಿಜಾನೇ ತಾನೇ?" ಅಂದರು ಭಾವ, ಮೆಲ್ಲಗೆ. "ಹೋದ ವರ್ಷ ನಿಂಗೋಸ್ಕರ ನಿಂತಿದ್ದೂ ನಿಜಾನೇ ಕಣೋ."

ಇವನ ಅನುಮಾನ ಗೊತ್ತಿತ್ತು ಅವರಿಗೆ. ಇಷ್ಟು ದಿನವೂ ಗೊತ್ತಿತ್ತು.

ಅವನ ಬಾಯಲ್ಲಿ "ನಿಮ್ಮನ್ನ ನಂಬ್ತೀನಿ ಭಾವ" ಅಂತ ಬರೆಯಬಹುದು. ಬರೆದೆ. ಭಾವ ಅದನ್ನು ನಂಬಿದರೇ ಅಂತ ಮಾತ್ರ ನನ್ನನ್ನು ಕೇಳಬೇಡಿ. ಇಬ್ಬರೂ ಇನ್ನೂ ಸೇತುವೆ ಮೇಲೇ ಇದ್ದಾರೆ. ಅವನು ಉಜ್ಜುತ್ತಲೇ ಇದ್ದಾನೆ, ತಲೆಯೆತ್ತಿ ಅವರ ಮುಖ ನೋಡುವ ಧೈರ್ಯ ಇನ್ನೂ ಬಂದಿಲ್ಲ.