ಹಿಂದಿನ ಗೋಡೆಗೊಂದು ಕಿಟಕಿ

ಪರದೇಶದ ಒಶಾವಾ ಎಂಬ ಊರಿನ ಚರ್ಚೊಂದರ ಹಿಂದಿನ ಬಯಲಿನಲ್ಲಿ ಮನೆ ಕಳೆದುಕೊಂಡವರಿಗೆಂದು ಹನ್ನೆರಡು ಮರದ ಕ್ಯಾಬಿನ್‌ಗಳನ್ನು ಕಟ್ಟಿದ್ದರು. 2004ರ ಜನವರಿಯಲ್ಲಿ ಏಳನೆಯದು ಬೆಳಗಾವಿ ಕಡೆಯ ಬಡಗಿ ಗದಿಗೆಪ್ಪನಿಗೂ ಅವನ ಹೆಂಡತಿ ಈರವ್ವನಿಗೂ ಸಿಕ್ಕಿತು. ಒಂದು ಮಂಚ, ಒಂದು ಹೀಟರು, ಒಂದೇ ಬಾಗಿಲು, ಅದರ ಪಕ್ಕ ತೆರೆಯಲಾಗದ ಗಾಜು. ಈರವ್ವನಿಗೆ ಅಷ್ಟೇ ಸಾಕಿತ್ತು. ಗದಿಗೆಪ್ಪ ಒಳಗೆ ಕಾಲಿಟ್ಟೊಡನೆ ಹೊರಬರಲು ಇನ್ನೊಂದು ದಾರಿ ಹುಡುಕಿದ.

ಎರಡು ತಿಂಗಳ ಹಿಂದೆ ಎಟೋಬಿಕೋ ಎಂಬ ಊರಿನಲ್ಲಿ ಅವರಿದ್ದ ಬೇಸ್‌ಮೆಂಟಿಗೆ ಬೆಂಕಿ ಬಿದ್ದಾಗ ಹೊಗೆ ನುಗ್ಗಿದ್ದೇ ಮೆಟ್ಟಿಲ ಕಡೆಯಿಂದ. ಬೇರೆ ದಾರಿ ಇರಲಿಲ್ಲ. ಒದ್ದೆ ಕಂಬಳಿ ಹೊದ್ದು, ಹೆಂಡತಿಯನ್ನು ಎಳೆದುಕೊಂಡು ಹೊರಬಿದ್ದಿದ್ದ. ಅಂದಿನಿಂದ ಬಾಗಿಲು ಹಾಕಿದರೆ ಅವನಿಗೆ ನಿದ್ದೆಯಿಲ್ಲ. ಆ ಚಳಿಯಲ್ಲೂ ಬಾಗಿಲು ಓರೆ ಮಾಡಿಕೊಂಡು ಕೂರುತ್ತಿದ್ದ. ಈರವ್ವನಿಗೆ ಕೆಮ್ಮು ಹತ್ತಿತು.

ಕ್ಯಾಬಿನ್‌ಗಳ ಉಸ್ತುವಾರಿ ನೋಡುತ್ತಿದ್ದ ಮೈಸೂರಿನ ನೀರಜಾಳನ್ನು ಕಂಡು ಕೇಳಿಕೊಂಡ. “ಹಿಂದಿನ ಗ್ವಾಡಿಗೆ ಒಂದು ಕಿಡಕಿ ಕೊರೀತೀನ್ರಿ ಮೇಡಮ್. ಮನಷ್ಯಾ ಜಿಗದು ಹೊರಗ ಬರೂವಷ್ಟು.”

“ಪರ್ಮಿಶನ್ ಇಲ್ದೆ ಗೋಡೆ ಮುಟ್ಟೋ ಹಾಗಿಲ್ಲ ಗದಿಗೆಪ್ಪನವರೆ. ಮುಟ್ಟಿದ್ರೆ ನಿಮ್ಮನ್ನ ಕಳಿಸ್ಬೇಕಾಗುತ್ತೆ,” ಎಂದಳು ಅವಳು.

ಮೂರು ದಿನ ತಡೆದ. ನಾಲ್ಕನೆಯ ದಿನ ಈರವ್ವ ಕ್ಲಿನಿಕ್ಕಿಗೆ ಹೋದಾಗ, ಕೆಡವುತ್ತಿದ್ದ ಮನೆಯೊಂದರಿಂದ ಹಳೆಯ ಕಿಟಕಿ ಕೇಳಿ ತಂದು ಗರಗಸ ಹಿಡಿದೇಬಿಟ್ಟ.

ಮರುದಿನ ಬೆಂಕಿ ಸುರಕ್ಷತೆಯ ತಪಾಸಣೆಗೆ ಇನ್ಸ್‌ಪೆಕ್ಟರ್ ಬಂದ. ಕಿಟಕಿ ತೆರೆದ, ಅಳೆದ, ಬರೆದುಕೊಂಡ. ಗದಿಗೆಪ್ಪ ಗಂಟು ಕಟ್ಟಿಟ್ಟುಕೊಂಡು ನಿಂತಿದ್ದ. ಆದರೆ ಬಂದವನ ಆದೇಶವೇ ಬೇರೆ. ಕಿಟಕಿಯಿರುವ ಏಳನೆಯದರಲ್ಲಿ ಇರಬಹುದು; ಉಳಿದ ಹನ್ನೊಂದರಲ್ಲಿ, ಹೊರಬರಲು ಎರಡನೆಯ ದಾರಿ ಆಗುವವರೆಗೆ, ಯಾರೂ ಮಲಗಕೂಡದು.

ಸಂಜೆಯೊಳಗೆ ಅವುಗಳಲ್ಲಿದ್ದವರೆಲ್ಲ ಹಾಸಿಗೆ ಹೊತ್ತು ಚರ್ಚಿನ ಸಭಾಂಗಣಕ್ಕೆ ನಡೆದರು. ಪಕ್ಕದ ಕ್ಯಾಬಿನ್ನಿನ ಮುದುಕಿ ಅವನನ್ನು ಕಂಡು ಮುಖ ತಿರುಗಿಸಿದಳು. ತನ್ನೊಬ್ಬನ ಹೆದರಿಕೆಗೆ ಇಷ್ಟು ಜನರ ಸೂರು ಹೋಯಿತಲ್ಲ ಎಂದು ಗದಿಗೆಪ್ಪ ಊಟ ಬಿಟ್ಟು ಎದ್ದ.

ಎರಡು ದಿನ ಬಿಟ್ಟು ನೀರಜಾ ಪರ್ಮಿಟ್ಟಿನ ಕಾಗದ ಹಿಡಿದು ಬಂದಳು. ಕಳಿಸುವ ಮಾತು ಎತ್ತಲಿಲ್ಲ. “ಹನ್ನೊಂದಕ್ಕೆ ಎಷ್ಟು ದಿನ ಬೇಕು?”

“ಆರ ದಿನಾ ಸಾಕ್ರಿ. ಕಿಡಕಿ ನೀವು ತರಸ್ರಿ.”

ಐದೇ ದಿನಕ್ಕೆ ಮುಗಿಸಿದ. ಮುದುಕಿ ತನ್ನ ಕಿಟಕಿಯನ್ನು ಮೂರು ಸಲ ತೆರೆದು ಮುಚ್ಚಿದಳು. ಅಂದು ಮಧ್ಯಾಹ್ನ ಈರವ್ವ ಊಟಕ್ಕೆ ಕರೆಯಲು ಹೋದರೆ, ಬಾಗಿಲು ಹಾಕಿದ್ದ ಕೊನೆಯ ಕ್ಯಾಬಿನ್ನಿನ ನೆಲದ ಮೇಲೆ, ಮರದ ಹೊಟ್ಟಿನಲ್ಲೇ ಮೈಚಾಚಿ ಗಂಡ ಗೊರಕೆ ಹೊಡೆಯುತ್ತಿದ್ದ. ಅವಳು ಎಬ್ಬಿಸಲಿಲ್ಲ.