ಸೆರಗಿನಲ್ಲಿ ಪರಮಪ್ರಸಾದ

ಚರ್ಚಿನಲ್ಲಿ ಫಾದರ್ ಕೊಟ್ಟ ಪರಮಪ್ರಸಾದದ ಬಿಲ್ಲೆಯನ್ನು ಸಣ್ಣಮ್ಮ ಕಣ್ಣಿಗೊತ್ತಿಕೊಂಡು ಸೆರಗಿನ ತುದಿಗೆ ಗಂಟು ಹಾಕುತ್ತಿದ್ದುದು ಪಕ್ಕದಲ್ಲಿ ಕೂತಿದ್ದ ಜೆಸಿಂತಾಳ ಕಣ್ಣಿಗೆ ಬಿತ್ತು.

ಮುಂದೆ, ಪೀಠದ ಕೆಳಗೆ, ಜೆಸಿಂತಾಳ ತಾಯಿ ಆರೋಗ್ಯಮ್ಮನ ಶವಪೆಟ್ಟಿಗೆ. ಸಣ್ಣಮ್ಮ ಕಾಗದನಗರದ ಕ್ವಾರ್ಟರ್ಸಿನಲ್ಲಿ ಮೂವತ್ತು ವರ್ಷ ಅವರ ಪಕ್ಕದ ಮನೆಯವಳು. ಸಾಲಿನ ಕೊನೆಗೆ ನಿಂತು ಎಲ್ಲರಂತೆ ಕೈಯೊಡ್ಡಿದ್ದಳು. ಅವಳು ಕ್ರೈಸ್ತಳಲ್ಲ ಎಂದು ಹೊಸ ಫಾದರಿಗೆ ಗೊತ್ತಿರಲಿಲ್ಲ, ಕೊಟ್ಟಿದ್ದರು.

"ಆಂಟಿ, ಯಾಕೆ ಗಂಟು ಹಾಕ್ತಿದೀರಾ?"

"ನಮ್ಮನೇರಿಗೆ ಕಣೇ. ಮಣ್ಣಿಗೆ ಬರಕ್ಕಾಗ್ಲಿಲ್ಲ ಅಂತ ಹಾಸ್ಗೇಲೇ ಅಳ್ತಿದಾರೆ. ಪ್ರಸಾದನಾದ್ರೂ ಬಾಯಿಗೆ ಹಾಕ್ತೀನಿ."

"ಇದನ್ನ ಮನೆಗೆ ಒಯ್ಯಂಗಿಲ್ಲ ಆಂಟಿ. ನಮ್ಮೋರು ಮಾತ್ರ ತಗೋಬೇಕು, ಅದೂ ಇಲ್ಲೇ."

"ಅಯ್ಯೋ! ಹಂಗಾದ್ರೆ ಫಾದರಿಗೇ ವಾಪಸ್ ಕೊಟ್ಬರ್ತೀನಿ."

ಏಳಹೋದವಳ ಮೊಣಕೈಯನ್ನು ಜೆಸಿಂತಾ ಹಿಡಿದಳು. ಇಡೀ ಚರ್ಚಿನೆದುರು ಈ ಮುದುಕಿ ಗಂಟು ಬಿಚ್ಚಿ ತೋರಿಸುವುದನ್ನು ನೋಡುವಷ್ಟು ಶಕ್ತಿ ಅವಳಲ್ಲಿ ಉಳಿದಿರಲಿಲ್ಲ.

"ಮತ್ತೇನ್ ಮಾಡ್ಲಿ ಮಾರಾಯ್ತಿ? ನೀನೇ ತಿನ್ನು. ನೀನು ಸಾಲಿಗೂ ಹೋಗ್ಲಿಲ್ಲ, ನೋಡ್ದೆ."

*

ಶಿವಮೊಗ್ಗದ ಶಾಲೆಗೆ ರಜೆ ಹಾಕಿ ಜೆಸಿಂತಾ ಹಾಸಿಗೆ ಹಿಡಿದ ತಾಯಿಯ ಬಳಿ ಬಂದು ಮೂರು ತಿಂಗಳಾಗಿತ್ತು. ಕೊನೆಕೊನೆಗೆ ತಾಯಿ ಉಣ್ಣಲು ಬಾಯಿಯನ್ನೇ ತೆರೆಯುತ್ತಿರಲಿಲ್ಲ. ನಾಲ್ಕು ಚಮಚ ಗಂಜಿಗೆ ಅರ್ಧ ಗಂಟೆ. ಹನ್ನೆರಡು ದಿನದ ಹಿಂದೆ ಒಂದು ಮಧ್ಯಾಹ್ನ ಜೆಸಿಂತಾ ಚಮಚವನ್ನು ಒತ್ತಿ ತುರುಕಿದಳು. ತುಟಿ ಸೀಳಿತು. ಗಂಜಿಯಲ್ಲಿ ರಕ್ತ ಕಂಡ ಮೇಲೂ "ನುಂಗು" ಎಂದು ಕಿರುಚಿದಳು.

ಪಾಪನಿವೇದನೆಗೆ ಹೋಗಿ ಫಾದರಿಗೆ ಹೇಳಬೇಕಿತ್ತು. ಹೇಳಲಿಲ್ಲ. ಹೇಳದೆ ಪರಮಪ್ರಸಾದಕ್ಕೆ ಬಾಯಿ ತೆರೆಯುವ ಧೈರ್ಯವೂ ಬರಲಿಲ್ಲ.

*

"ನಾನು ತಗೊಳಂಗಿಲ್ಲ ಆಂಟಿ. ಅಮ್ಮಂಗೆ ನಾನು..."

"ಗೊತ್ತು. ಅವತ್ತು ಅವಳ ತುಟಿಗೆ ತುಪ್ಪ ಸವರಿದೋಳು ನಾನೇ ಅಲ್ವಾ?"

ಜೆಸಿಂತಾ ತಲೆ ಎತ್ತಲಿಲ್ಲ. "ಅಮ್ಮ ಏನಂದ್ಲು?"

"ಏನಂತಾಳೆ? ಜೆಸಿಂತಾ ಉಂಡ್ಲಾ ಅಂತ ಕೇಳಿದ್ಲು. ಉಂಡ್ಲು ಅಂತ ಸುಳ್ಳು ಹೇಳ್ದೆ."

ಪೆಟ್ಟಿಗೆಯ ಮೇಲೆ ಪವಿತ್ರ ಜಲ ಚಿಮುಕಿಸಲು ಫಾದರ್ ಪೀಠ ಇಳಿದು ಬರುತ್ತಿದ್ದರು. ಜೆಸಿಂತಾ ಸಣ್ಣಮ್ಮನ ಸೆರಗಿನ ಗಂಟು ಬಿಚ್ಚಿದಳು. ಬಿಳಿ ಬಿಲ್ಲೆ ಮೂರು ಚೂರಾಗಿತ್ತು. ಮೂರನ್ನೂ ಒಟ್ಟಿಗೆ ಬಾಯಿಗಿಟ್ಟುಕೊಂಡಳು.

"ಮಗಳು ಎಲ್ಲಿ? ಮುಂದೆ ಬರ್ಬೇಕು," ಎಂದು ಯಾರೋ ಕರೆದರು.

ಅವಳು ಸೆರಗಿನ ಮೇಲೆ ಬಾಗಿ, ನೂಲಿಗೆ ಅಂಟಿದ ಪುಡಿಯನ್ನು ಒದ್ದೆ ಬೆರಳಿನಿಂದ ಒಂದೊಂದೇ ಎತ್ತಿ ನಾಲಿಗೆಗೆ ಮುಟ್ಟಿಸುತ್ತಿದ್ದಳು. ಒಂದು ಕಣವೂ ನೆಲಕ್ಕೆ ಬೀಳದ ಹಾಗೆ ಸಣ್ಣಮ್ಮ ಬಟ್ಟೆಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದಳು.