ಫ್ಲ್ಯಾಶಿಲ್ಲದ ಅಬ್ಬಾಸ್

"ಬಿಡು ಹಫ್ಸ, ಇಲ್ಲದಿದ್ದರೆ ಇದನ್ನು ಎಳೆದು ಹೊಳೆಗೆ ಬಿಸಾಡ್ತೇನೆ!"

ಕ್ಯಾಮೆರಾ ಸ್ಟ್ಯಾಂಡಿನ ಒಂದು ಕಾಲು ಉಮ್ಮರ್ ದೊಡ್ಡಪ್ಪನ ಕೈಯಲ್ಲಿತ್ತು, ಉಳಿದೆರಡು ಹಫ್ಸಳ ಕೈಯಲ್ಲಿ. ಚಾವಡಿಯಲ್ಲಿ ಅವಳ ಉಪ್ಪ ಅಬ್ಬಾಸರನ್ನು ಮೀಯಿಸಿ, ಬಿಳಿ ಬಟ್ಟೆ ಸುತ್ತಿ ಮಲಗಿಸಿದ್ದರು. ಮಧ್ಯಾಹ್ನ ಊಟಕ್ಕೆ ಕೂತವರು ಎದೆ ಒತ್ತಿಕೊಂಡು ಹೋಗಿಯೇಬಿಟ್ಟಿದ್ದರು. ಕನ್ಯಾನದಲ್ಲಿರುವ ಅವರ ತಂಗಿ ಬಂದು ಮುಖ ನೋಡಲಿ ಎಂದು ದಫನವನ್ನು ರಾತ್ರಿಯ ಇಶಾ ನಮಾಜಿನ ನಂತರಕ್ಕೆ ಇಟ್ಟಿದ್ದರು. 2004ರ ಜನವರಿಯ ಚಳಿ. ಬಂಟ್ವಾಳ ಪೇಟೆಯ ಅರ್ಧ ಜನ ಅಂಗಳದಲ್ಲಿ ನಿಂತು ಈ ಎಳೆದಾಟವನ್ನು ಕಾಣದವರಂತೆ ಕಾಣುತ್ತಿದ್ದರು.

"ಒಂದೇ ಒಂದು ಫೋಟೋ ದೊಡ್ಡಪ್ಪ. ಮುಖದ್ದಲ್ಲ. ಉಪ್ಪನನ್ನು ಹೊತ್ತ ಮಂಚ ಪೇಟೆ ದಾಟಿ ಹೋಗುವುದು ಮಾತ್ರ."

"ಹೆಣ್ಣುಮಗಳು ನಡುಮಾರ್ಗದಲ್ಲಿ ನಿಂತು ಅಪ್ಪನ ಮಯ್ಯತ್ತಿನ ಫೋಟೋ ತೆಗೆಯುವುದಾ? ನಾಳೆ ಅಂಗಡಿಗೆ ಬಂದವರಿಗೆ ನಾನೇನು ಹೇಳಲಿ?"

"ನಾನು ಹೇಳಿದ್ದು ಅಂತ ಹೇಳಿ ಭಾವ."

ಪರದೆಯ ಹಿಂದಿನಿಂದ ಬಂದ ಆ ದನಿ ಹಫ್ಸಳ ಉಮ್ಮ ಬೀಪಾತುಮ್ಮನದು. ಮೂವತ್ತು ವರ್ಷ ಅಬ್ಬಾಸರ ಹೆಂಡತಿಯಾಗಿದ್ದ ಹೆಂಗಸು, ಮಧ್ಯಾಹ್ನದಿಂದ ಇದ್ದತ್ತಿಗೆ ಕೂತ ವಿಧವೆ. "ಇವರು ರಾತ್ರಿ ಹೊರಟಾಗಲೆಲ್ಲ ನಾನು ಗೇಟಿನ ತನಕ ಹೋಗ್ತಿದ್ದೆ. ಇವತ್ತು ಹೊಸ್ತಿಲು ದಾಟ್ಲಿಕ್ಕಿಲ್ಲ. ನಾಲ್ಕು ತಿಂಗಳು ಹತ್ತು ದಿನ ಎಲ್ಲಿಗೂ ಇಲ್ಲ. ಆಯ್ತು, ಕೂತ್ಕೊಳ್ತೇನೆ. ಆದರೆ ಇವರು ಹೇಗೆ ಹೋದರು ಅಂತ ನನಗೆ ನೋಡ್ಬೇಕು. ನೀವು ಬಂದು ಹೇಳುವುದಲ್ಲ, ನನಗೆ ನೋಡ್ಬೇಕು!"

ಉಮ್ಮರ್ ಸ್ಟ್ಯಾಂಡು ಬಿಟ್ಟರು, ಹಟ ಬಿಡಲಿಲ್ಲ. "ಮಯ್ಯತ್ತನ್ನು ಬೇಗ ಕೊಂಡುಹೋಗ್ಬೇಕು. ನಿನ್ನ ಮಿಷನಿಗೋಸ್ಕರ ನಿಲ್ಲಿಸುವವನು ನಾನಲ್ಲ, ತಿಳೀತಾ?"

"ನಿಲ್ಲಿಸಿ ಅಂತ ಕೇಳಿದವರು ಯಾರು?" ಎಂದಳು ಹಫ್ಸ. ಸ್ಟ್ಯಾಂಡನ್ನು ಹೆಗಲಿಗೇರಿಸಿ, ಅಷ್ಟೂ ಗಂಡಸರ ನಡುವಿನಿಂದಲೇ ಗೇಟು ದಾಟಿದಳು.

*

ಅಬ್ಬಾಸರದ್ದು ಹಗಲು ಪಾಸ್‌ಪೋರ್ಟ್ ಸೈಜು, ರಾತ್ರಿ ಪೇಟೆ. ಗಲ್ಫಿಗೆ ಹೋಗುವವರ ಕಿವಿ ಕಾಣುವ ಹಾಗೆ ಫೋಟೋ ತೆಗೆದು ಹೊಟ್ಟೆ ಹೊರೆದರು. ಅಂಗಡಿಗಳ ಬಾಗಿಲು ಬಿದ್ದ ಮೇಲೆ ಬೀದಿಗಿಳಿದರು. ಮೂಟೆ ಹೊರುವವರು, ಬಸ್ಸು ತೊಳೆಯುವವರು, ಉಳಿದ ಮಲ್ಲಿಗೆಗೆ ನೀರು ಚಿಮುಕಿಸುವ ಸೇಸಮ್ಮ, ಇವರೇ ಅವರ ಗಿರಾಕಿಗಳು. ಯಾರೂ ಕಾಸು ಕೊಡುತ್ತಿರಲಿಲ್ಲ, ಇವರೂ ಕೇಳುತ್ತಿರಲಿಲ್ಲ. ಫ್ಲ್ಯಾಶ್ ಮಾತ್ರ ಹಾಕಲೊಲ್ಲರು. "ಫ್ಲ್ಯಾಶ್ ಹಾಕಿದರೆ ಮುಖ ಬರ್ತದೆ, ಪೇಟೆ ಓಡಿಹೋಗ್ತದೆ" ಎಂಬುದು ಅವರ ವಾದ. ಮೂಡುಬಿದಿರೆಯ ಸ್ಟುಡಿಯೋದವನೊಬ್ಬ, "ಹಾಗಾದರೆ ನಿನಗೆ ಮದುವೆಯ ಆರ್ಡರ್ ಯಾರು ಕೊಡ್ತಾರೆ ಮಾರಾಯ?" ಎಂದು ಕೇಳಿದ್ದಕ್ಕೆ, "ಬೇಡ, ನಿನಗೇ ಇರಲಿ" ಎಂದು ಎದ್ದು ಬಂದ ಮನುಷ್ಯ.

ಹಫ್ಸ ಮೊದಲ ಸಲ ಉಪ್ಪನ ಜೊತೆ ರಾತ್ರಿ ಹೊರಟದ್ದು ಹದಿನಾರಕ್ಕೆ, ತೊಂಬತ್ತೊಂಬತ್ತರಲ್ಲಿ. ಸ್ಟ್ಯಾಂಡು ಅಲುಗದಿರಲಿ ಎಂದು ಎರಡೂ ಕೈಯಲ್ಲಿ ಬಿಗಿಯಾಗಿ ಅಪ್ಪಿಕೊಂಡು ಒಂದು ಇಡೀ ರೋಲು ಮುಗಿಸಿದಳು. ತೊಳೆದು ನೋಡಿದರೆ ಮೂವತ್ತಾರೂ ಮಸಿ ಒರೆಸಿದ ಬಟ್ಟೆ. ಅಬ್ಬಾಸರು ಹೊಟ್ಟೆ ಹಿಡಿದು ನಕ್ಕರು, ಮರುರಾತ್ರಿ ಮತ್ತೆ ಪೇಟೆಗೆ ಕರೆದೊಯ್ದರು.

"ನೀನು ಹಿಡಿದದ್ದೇ ತಪ್ಪು ಮಗಳೇ. ನಿನ್ನ ಎದೆ ಬಡಿತ ಕೂಡ ಫಿಲ್ಮಿಗೆ ಗೊತ್ತಾಗ್ತದೆ. ಸ್ಟ್ಯಾಂಡಿಗೆ ಕಲ್ಲಿನ ಚೀಲ ಕಟ್ಟು, ಕ್ಲಿಕ್ಕಿಸುವ ವಯರಿನ ತುದಿ ಒತ್ತು, ಕೈ ದೂರ ಇಡು."

"ಆದರೆ ಜನ ನಡೀತಾರಲ್ಲ ಉಪ್ಪ? ಈ ಕತ್ತಲಲ್ಲಿ ಫಿಲ್ಮಿಗೆ ಒಂದು ಸೆಕೆಂಡು ಬೇಕಲ್ಲ?"

"ನಡೆಯುವವನೂ ಒಂದು ಕಡೆ ನಿಲ್ತಾನೆ. ಈ ಸುಬ್ಬಪ್ಪನನ್ನು ನೋಡು, ಮೂಟೆಯನ್ನು ತಲೆಯಿಂದ ಹೆಗಲಿಗೆ ಇಳಿಸುವಾಗ ಒಂದು ಗಳಿಗೆ ನಿಂತೇ ನಿಲ್ತಾನೆ. ಆ ಜಾಗ ಹುಡುಕಿ ಮೊದಲೇ ಹೋಗಿ ಕಾಯ್ಬೇಕು. ನಿಲ್ಲು ಅಂತ ಯಾರ ಹತ್ತಿರವೂ ಬೇಡ್ಲಿಕ್ಕಿಲ್ಲ."

ಎದುರಿಗೆ ಅಕ್ಕಿಮೂಟೆ ಹೊತ್ತು ಬರುತ್ತಿದ್ದ ಸುಬ್ಬಪ್ಪ, "ಅಪ್ಪ ಮಗಳು ಕತೆ ಹೇಳ್ತಾ ಕೂತ್ರೆ ನನ್ನ ಕುತ್ತಿಗೆ ಹೋಗ್ತದೆ ಸಾಯ್ಬರೇ!" ಎಂದು ಕೂಗಿದ್ದ.

*

ಪೇಟೆಯಿಂದ ಮಸೀದಿಗೆ ಏರುವ ತಿರುವಿನಲ್ಲಿ ಒಂದೇ ಒಂದು ಬೀದಿದೀಪ. ಮನೆಯಿಂದ ಮಂಚ ಹೊತ್ತು ಬಂದವರು ಏರು ಹತ್ತುವ ಮೊದಲು ಅಲ್ಲೇ ಹೆಗಲು ಬದಲಿಸಬೇಕು. ಹಫ್ಸ ಸ್ಟ್ಯಾಂಡನ್ನು ಅಲ್ಲಿ ನೆಟ್ಟಳು, ಕಲ್ಲಿನ ಚೀಲ ಕಟ್ಟಿದಳು. ಮೊದಲೇ ಬಂದು ಕಾಯುತ್ತಿದ್ದ ಸುಬ್ಬಪ್ಪ, ಅವಳು ಹೇಳಿದ ಎತ್ತರಕ್ಕೆ ಟಾರ್ಚು ಎತ್ತಿ ಹಿಡಿದ. ಆ ಬೆಳಕಿನ ಚುಕ್ಕೆ ಚೂಪಾಗುವ ತನಕ ಅವಳು ಲೆನ್ಸು ತಿರುಗಿಸಿದಳು.

"ಉಮ್ಮರಾಕ ಬೈತಾರೆ" ಎಂದ ಸುಬ್ಬಪ್ಪ.

"ಬೈಲಿ. ಬಯ್ಯುವಾಗ ಅವರೂ ನಿಲ್ಬೇಕಲ್ಲ."

ಸುಬ್ಬಪ್ಪನಿಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು.

"ಲಾ ಇಲಾಹ ಇಲ್ಲಲ್ಲಾಹ್" ಎಂಬ ದನಿ ಮೊದಲು ಬಂತು, ಹಿಂದೆಯೇ ಜನ. ಮಂಚದ ಎದುರಿನ ಬಲಗಾಲಿಗೆ ಉಮ್ಮರ್ ಹೆಗಲು ಕೊಟ್ಟಿದ್ದರು. ಗುಂಪಿನಿಂದ ಒಬ್ಬರು ಮುಂದೆ ಬಂದು ಲೆನ್ಸಿಗೆ ಅಡ್ಡ ನಿಂತರು.

"ಮಡಚು ಮಗಳೇ. ಇದೆಲ್ಲ ಹೆಂಗಸರಿಗೆ ಚಂದ ಅಲ್ಲ."

"ಅಬ್ಬಾಸರ ಮಗಳಿಗೆ ಚಂದವೇ. ಸರೀರಿ, ನಿಮ್ಮ ನೆರಳು ಬೀಳ್ತದೆ."

ಅವರು ಬದಿಗೆ ಸರಿದರು. ಆದರೆ ಉಮ್ಮರ್ ಅವಳನ್ನು ನೋಡಿಬಿಟ್ಟಿದ್ದರು. "ಹೆಗಲು ಬದಲಿಸುವುದು ಬೇಡ! ನಡೀರಿ, ನಡೀರಿ!" ಎಂದು ಕೂಗಿದರು. ಮಂಚ ತಿರುವಿಗೆ ಬಂತು, ನಿಲ್ಲದೆ ಏರಿಗೆ ಮುಖ ಮಾಡಿತು. ವಯರಿನ ತುದಿ ಹಫ್ಸಳ ಬೆರಳಲ್ಲಿತ್ತು. ಈಗ ಒತ್ತಿದರೆ ಸಿಗುವುದು ಒಂದು ಬಿಳಿ ಗೀಟು. ಉಮ್ಮನಿಗೆ ಗೀಟು ಕೊಡಲೇ? ಅವಳು ಒತ್ತಲಿಲ್ಲ. ಬೇಡಲೂ ಇಲ್ಲ. ಹಲ್ಲು ಕಚ್ಚಿ ದೊಡ್ಡಪ್ಪನನ್ನೇ ದುರುಗುಟ್ಟಿ ನೋಡಿದಳು.

ಆಗ ಸುಬ್ಬಪ್ಪ ಟಾರ್ಚನ್ನು ಕಿಸೆಗೆ ತುರುಕಿ ಮಂಚದ ಕೆಳಗೆ ನುಗ್ಗಿದ. "ಅರುವತ್ತೆಂಟರ ಪ್ರಾಯದಲ್ಲಿ ಈ ಏರು ನಿಮ್ಮಿಂದಾಗ್ತದಾ ಉಮ್ಮರಾಕ? ಬಿಡಿ, ನನಗೂ ಪಾಲುಂಟು. ಇಪ್ಪತ್ತು ವರ್ಷ ನನ್ನನ್ನು ಕಾದು ನಿಂತ ಮನುಷ್ಯ." ಬಲಗಾಲು ಅವನ ಹೆಗಲಿಗೆ ಬಂತು. ಹೆಗಲು ಕೊಡಲು ಬಂದವನನ್ನು ಬೇಡವೆನ್ನುವ ಹಾಗಿಲ್ಲ, ಉಮ್ಮರ್ ತಲೆ ಹೊರಗೆಳೆದರು. ಆದರೆ ದೂರ ಹೋಗಲಿಲ್ಲ. ತಮ್ಮನ ಮಂಚದ ಮೇಲೆ ಸುಮ್ಮನೆ ಒಂದು ಕೈಯಿಟ್ಟು ನಿಂತರು. ಅವರು ನಿಂತದ್ದು ನೋಡಿ ಎಲ್ಲರೂ ನಿಂತರು.

ಹಫ್ಸ ಒತ್ತಿದಳು. ಒಂದು ಸೆಕೆಂಡು ಅಷ್ಟು ಉದ್ದವಿರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಕ್ಯಾಮೆರಾ ಕಟ್ಟೆಂದಿತು, ಮಂಚ ಏರು ಹತ್ತಿತು, ಅವಳು ಚಳಿಯ ಮಾರ್ಗದ ಮೇಲೆ ಕುಕ್ಕರಿಸಿ ಕೂತು ಬಿಕ್ಕಿ ಬಿಕ್ಕಿ ಅತ್ತಳು.

*

ಮೂರನೆಯ ದಿನ ಬಚ್ಚಲಲ್ಲಿ ಕೆಂಪು ಬಲ್ಬು ಹಾಕಿ ಅವಳೇ ಪ್ರಿಂಟು ಮಾಡಿದಳು. ಬೀಪಾತುಮ್ಮ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಬೆರಳಾಡಿಸಿದರು. ಮಂಚದ ಮರದ ಗೆರೆಗಳು ಒಂದೊಂದೂ ಕಾಣುತ್ತಿದ್ದವು. ಹೊದಿಸಿದ ಬಟ್ಟೆಯ ಅಂಚಿನ ನೂಲು ಎಣಿಸಬಹುದಿತ್ತು. ಸುಬ್ಬಪ್ಪನ ಮೀಸೆ, ಹಿಂದೆ ಮುಚ್ಚಿದ ಅಂಗಡಿಯ ಬೀಗ, ಎಲ್ಲವೂ ಇದ್ದವು.

"ಹೀಗೆ ಹೋದರಾ... ಚಂದ ಹೋಗಿದ್ದಾರೆ" ಎಂದರು. ಬೆರಳನ್ನು ಒಂದು ಕಡೆ ನಿಲ್ಲಿಸಿ, "ಇದು ಯಾರು ಹಫ್ಸ? ಮಂಚದ ಮೇಲೆ ಕೈಯಿಟ್ಟವರು? ಮುಖವೇ ಇಲ್ಲ. ಇವರೊಬ್ಬರೇ ಕಲಸಿಹೋಗಿದ್ದಾರೆ" ಎಂದರು.

ಪರದೆಯಾಚೆ ಚಾವಡಿಯಲ್ಲಿ ಕೂತಿದ್ದ ಉಮ್ಮರ್ ಕೆಮ್ಮಿದರು. ಹಫ್ಸ ಫೋಟೋ ಕೊಂಡುಹೋಗಿ ಅವರ ಕೈಗಿಟ್ಟಳು. ಅವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

"ನಾನು ಅಲುಗಲಿಲ್ಲ" ಎಂದರು ಸಿಟ್ಟಿನಿಂದ. "ಅಲ್ಲಾನಾಣೆ ಅಲುಗಲಿಲ್ಲ. ಕಲ್ಲಿನ ಹಾಗೆ ನಿಂತಿದ್ದೆ."

ಫೋಟೋ ಅವರ ಎರಡೂ ಕೈಗಳ ನಡುವೆ ಗಡಗಡ ನಡುಗುತ್ತಿತ್ತು.